ಒಂದೇ ಡಿಕ್ಕಿ, ಎರಡು ದೇಹ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಂತು, ಎಲ್ಲರಿಗಿಂತ ಜೋರಾಗಿ ಅಪ್ಪಳಿಸುವವನು ಸೇಫ್ಟಿ. ದಶಕಗಳ ಕಾಲ ಆ ಹೊಡೆತಕ್ಕೆ ಚಪ್ಪಾಳೆ ತಟ್ಟಿದವರು, ಹೊಡೆದವನ ತಲೆಗೂ ಅಷ್ಟೇ ಪೆಟ್ಟು ಬಿದ್ದಿರುತ್ತದೆ ಎಂಬುದನ್ನು ಗಮನಿಸಿದ್ದು ತೀರಾ ತಡವಾಗಿ.

2014ರ ಫೆಬ್ರವರಿ 2, ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ನ ಮೊದಲ ಕ್ವಾರ್ಟರ್ ಇನ್ನೂ ಮುಗಿದಿಲ್ಲ. ಡೆನ್ವರ್ ಬ್ರಾಂಕೋಸ್ ತಂಡದಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್, ಮೈದಾನದ ನಡುವೆ ಅಡ್ಡಲಾಗಿ ಓಡುತ್ತಿದ್ದ ರಿಸೀವರ್, ಅಂದರೆ ಪಾಸ್ ಹಿಡಿಯುವ ಡೆಮೇರಿಯಸ್ ಥಾಮಸ್ ಅವರಿಗೆ ಚಿಕ್ಕದೊಂದು ಪಾಸ್ ಕೊಟ್ಟರು. ಆ ತಂಡಕ್ಕೆ ಅದು ದಿನನಿತ್ಯದ ಕೆಲಸ. ಆ ಋತುವಿನಲ್ಲಿ ಮ್ಯಾನಿಂಗ್ 55 ಟಚ್‌ಡೌನ್ ಪಾಸ್ ಎಸೆದಿದ್ದರು, ತಂಡ 606 ಅಂಕ ಕಲೆಹಾಕಿತ್ತು. ಎರಡೂ ಎನ್‌ಎಫ್‌ಎಲ್ ದಾಖಲೆಗಳೇ. ಥಾಮಸ್ ಚೆಂಡು ಹಿಡಿದು ಒಂದು ಸಲ ತಿರುಗಿದರೆಂದರೆ ಮುಂದೆ ಹತ್ತಿಪ್ಪತ್ತು ಯಾರ್ಡ್ ಓಟ ಇದ್ದೇ ಇರುತ್ತಿತ್ತು. ಆವತ್ತು ತಿರುಗುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಸಿಯಾಟಲ್ ಸೀಹಾಕ್ಸ್‌ನ ಸೇಫ್ಟಿ ಕ್ಯಾಮ್ ಚಾನ್ಸಲರ್, ಆರಡಿ ಮೂರಂಗುಲ ಎತ್ತರ, ಸುಮಾರು 105 ಕಿಲೋ ತೂಕದ ಆಳು, ಓಡಿಬಂದ ರಭಸದಲ್ಲೇ ಭುಜ ಕೊಟ್ಟರು. ಥಾಮಸ್ ಚೆಂಡನ್ನು ಬಿಡಲಿಲ್ಲ. ಆದರೆ ಹೊರಟಿದ್ದ ದಿಕ್ಕು ಬಿಟ್ಟು ಹಿಂದಕ್ಕೆ ಬಿದ್ದರು.

ಒಂದೇ ಹೊಡೆತ ಪಂದ್ಯ ಗೆಲ್ಲಿಸಿತು ಎಂದರೆ ಅತಿಶಯೋಕ್ತಿಯಾದೀತು. ಆದರೆ ಆಮೇಲಿನ ಲೆಕ್ಕ ನೋಡಿ. ಥಾಮಸ್ ಆ ಪಂದ್ಯದಲ್ಲಿ 13 ಪಾಸ್ ಹಿಡಿದರು, ಸೂಪರ್ ಬೌಲ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಹಿಡಿದಿರಲಿಲ್ಲ. ಅಷ್ಟಾದರೂ ಅವರ ತಂಡ ಗಳಿಸಿದ್ದು 8 ಅಂಕ, ಸಿಯಾಟಲ್ 43. ಚೆಂಡು ಕೈಗೆ ಸಿಗುತ್ತಿತ್ತು, ಹೆಚ್ಚಿನ ಸಲ ಸಿಕ್ಕಿದ ಜಾಗದಲ್ಲೇ ಓಟ ಮುಗಿಯುತ್ತಿತ್ತು. ಆ ಸಂಜೆಯನ್ನು ಮತ್ತೆ ಮತ್ತೆ ನೋಡಿದವರಿಗೆ ಮೈದಾನದ ನಡುಭಾಗ ಯಾರ ಕೈಯಲ್ಲಿತ್ತು ಎಂದು ಹೇಳಿಕೊಡಬೇಕಾಗಿಲ್ಲ.

ಎಲ್ಲರ ಬೆನ್ನ ಹಿಂದೆ

ಈ ಆಟದಲ್ಲಿ ತಂಡಕ್ಕೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ. ತಡೆಯುವ ತಂಡದಲ್ಲಿ ಮುಂಚೂಣಿಯ ದೈತ್ಯರು ಗೆರೆಯ ಮೇಲೆ ಕುಸ್ತಿ ಹಿಡಿದಿರುತ್ತಾರೆ, ಅವರ ಹಿಂದೆ ಲೈನ್‌ಬ್ಯಾಕರ್‌ಗಳು, ಅಂಚುಗಳಲ್ಲಿ ಕಾರ್ನರ್‌ಬ್ಯಾಕ್‌ಗಳು. ಇವರೆಲ್ಲರ ಹಿಂದೆ, ಹತ್ತು ಹದಿನೈದು ಯಾರ್ಡ್ ದೂರದಲ್ಲಿ, ಸಾಮಾನ್ಯವಾಗಿ ಇಬ್ಬರು ಸೇಫ್ಟಿಗಳು. ಒಬ್ಬ ಫ್ರೀ ಸೇಫ್ಟಿ: ಆಳದಲ್ಲಿ ನಿಂತು ಚೆಂಡಿನ ಹಾದಿ ನೋಡುವವನು. ಇನ್ನೊಬ್ಬ ಸ್ಟ್ರಾಂಗ್ ಸೇಫ್ಟಿ: ಗೆರೆಗೆ ಹತ್ತಿರ ಬಂದು ಓಟಗಾರರನ್ನೂ ಕೆಡವಬೇಕಾದವನು. ಇಬ್ಬರನ್ನೂ ದಾಟಿ ಹೋದರೆ ಮುಂದೆ ಹಸಿರು ಹುಲ್ಲು ಬಿಟ್ಟರೆ ಬೇರೇನೂ ಇಲ್ಲ.

ಆ ಜಾಗದ ಬೆಲೆ ಎಷ್ಟೆಂಬುದು 2007ರ ಡಿಸೆಂಬರ್‌ನಲ್ಲಿ ಒಂದು ಪಂದ್ಯದ ಮೊದಲ ಗಳಿಗೆಯಲ್ಲೇ ಕಂಡಿತ್ತು. ವಾಷಿಂಗ್ಟನ್ ತಂಡದ ಸೇಫ್ಟಿ ಶಾನ್ ಟೇಲರ್ ಆ ವಾರವಷ್ಟೇ ಫ್ಲಾರಿಡಾದ ತಮ್ಮ ಮನೆಯಲ್ಲಿ ನುಸುಳುಕೋರರ ಗುಂಡಿಗೆ ಬಲಿಯಾಗಿದ್ದರು. ವಯಸ್ಸು ಇಪ್ಪತ್ನಾಲ್ಕು. ಮುಂದಿನ ಪಂದ್ಯದಲ್ಲಿ ತಂಡ ಬೇಕೆಂದೇ ಹತ್ತೇ ಜನರನ್ನು ಇಳಿಸಿ, ಅವರ ಸ್ಥಾನವನ್ನು ಖಾಲಿ ಬಿಟ್ಟು ಮೊದಲ ಆಟ ಆಡಿತು. ಬಫಲೋ ಬಿಲ್ಸ್‌ನ ಓಟಗಾರ ಒಂದೇ ಏಟಿಗೆ 22 ಯಾರ್ಡ್ ಓಡಿಬಿಟ್ಟರು. ಶ್ರದ್ಧಾಂಜಲಿಗೆಂದು ಬಿಟ್ಟ ಜಾಗ ಆಟದ ಪಾಠವನ್ನೂ ಹೇಳಿತ್ತು.

ಹೊಡೆತದ ಬಗೆಯನ್ನು ಕಬಡ್ಡಿ ನೋಡುವವರಿಗೆ ಹೇಳುವುದು ಸುಲಭ. ರೈಡರ್‌ನ ಕಣ್ಣು ಮೂಲೆಯವನ ಮೇಲಿದ್ದಾಗ, ಕವರ್‌ನಲ್ಲಿದ್ದವನು ನುಗ್ಗಿ ಬಂದು ಡ್ಯಾಶ್ ಮಾಡಿ ಗೆರೆಯಾಚೆ ಎಸೆಯುತ್ತಾನಲ್ಲ, ಅದೇ ಲೆಕ್ಕಾಚಾರ. ವ್ಯತ್ಯಾಸವೆಂದರೆ ಇಲ್ಲಿ ಇಬ್ಬರೂ ಪೂರ್ತಿ ವೇಗದಲ್ಲಿ ಎದುರುಬದುರು ಓಡಿ ಬರುತ್ತಿರುತ್ತಾರೆ, ಮತ್ತು ಒಬ್ಬನ ಕಣ್ಣು ಆಕಾಶದಲ್ಲಿರುವ ಚೆಂಡಿನ ಮೇಲಿರುತ್ತದೆ.

ನುಗ್ಗುವುದು ಕೊನೆಯ ಅರ್ಧ ಸೆಕೆಂಡಿನ ಕೆಲಸ. ಅದಕ್ಕೂ ಮುಂಚಿನ ಎರಡು ಸೆಕೆಂಡಿನಲ್ಲೇ ಒಳ್ಳೆಯ ಸೇಫ್ಟಿ ಯಾರು, ಬರೀ ಗೂಳಿ ಯಾರು ಎಂಬುದು ತೀರ್ಮಾನವಾಗಿರುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಎತ್ತ ಹೊರಳಿತು, ಭುಜ ಎತ್ತ ತಿರುಗಿತು, ರಿಸೀವರ್ ಹೆಜ್ಜೆ ಚಿಕ್ಕದು ಮಾಡಿದನೇ, ಸೊಂಟ ಬಾಗಿಸಿದನೇ, ಇದೆಲ್ಲವನ್ನೂ ಹಿಮ್ಮುಖವಾಗಿ ಓಡುತ್ತಲೇ ಓದಬೇಕು. ಒಂದು ಹೆಜ್ಜೆ ಮುಂಚೆ ಹೊರಟರೆ ಕ್ವಾರ್ಟರ್‌ಬ್ಯಾಕ್ ಮೋಸ ಮಾಡಿ ತಲೆಯ ಮೇಲಿಂದ ಎಸೆಯುತ್ತಾನೆ. ಒಂದು ಹೆಜ್ಜೆ ತಡವಾದರೆ ರಿಸೀವರ್ ಆಗಲೇ ದಾಟಿರುತ್ತಾನೆ. ಬಾಲ್ಟಿಮೋರ್‌ನ ಎಡ್ ರೀಡ್ 64 ಇಂಟರ್ಸೆಪ್ಶನ್ ಮಾಡಿದ್ದು, ಅಂದರೆ ಎದುರಾಳಿಯ ಪಾಸನ್ನೇ ಹಿಡಿದದ್ದು, ಈ ಓದಿನ ಬಲದಿಂದ. ಪಿಟ್ಸ್‌ಬರ್ಗ್‌ನ ಟ್ರಾಯ್ ಪೊಲಮಾಲು ಚೆಂಡು ಹೊರಡುವ ಕ್ಷಣವನ್ನೇ ಊಹಿಸಿ, ಮುಂಚೂಣಿಯ ಸಾಲನ್ನು ಮೇಲಿಂದ ಹಾರಿ ಕ್ವಾರ್ಟರ್‌ಬ್ಯಾಕ್‌ನ ಹೆಗಲ ಮೇಲೆ ಇಳಿದದ್ದನ್ನು ನೋಡಿದವರು ಅದನ್ನು ಬರೀ ಧೈರ್ಯ ಎನ್ನಲಾರರು. ಆ ಹಾರಾಟದ ಹಿಂದೆ ವಾರಗಟ್ಟಲೆ ವಿಡಿಯೊ ನೋಡಿದ ಅಭ್ಯಾಸವಿತ್ತು.

ಆದರೂ ಪ್ರೇಕ್ಷಕರಿಗೆ ನೆನಪಿರುವುದು ಡಿಕ್ಕಿಯೇ. 1990ರ ಸೆಪ್ಟೆಂಬರ್‌ನ ಒಂದು ಸೋಮವಾರ ರಾತ್ರಿ ಡೆನ್ವರ್‌ನ ಸ್ಟೀವ್ ಆಟ್‌ವಾಟರ್, ಕಾನ್ಸಾಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆ ಅವರನ್ನು ಎದುರಿಸಿದರು. ಒಕೋಯೆ ನೈಜೀರಿಯಾದಿಂದ ಡಿಸ್ಕಸ್ ಎಸೆಯಲು ಅಮೆರಿಕಕ್ಕೆ ಬಂದು ಫುಟ್‌ಬಾಲ್ ಕಲಿತವರು, ತೂಕ 118 ಕಿಲೋ. ಹಿಂದಿನ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಯಾರ್ಡ್ ಓಡಿದ್ದವರು. ಅವರಿಗೆ ಎದುರಾದವರು ಸಾಮಾನ್ಯವಾಗಿ ಅವರ ಕಾಲಿಗೆ ಜೋತುಬೀಳುತ್ತಿದ್ದರು, ಇಲ್ಲವೇ ಪಕ್ಕಕ್ಕೆ ಸರಿಯುತ್ತಿದ್ದರು. ಅವರಿಗಿಂತ ಇಪ್ಪತ್ತು ಕಿಲೋ ಹಗುರವಾಗಿದ್ದ ಆಟ್‌ವಾಟರ್ ನೇರ ಎದೆಗೆ ಎದೆಕೊಟ್ಟು ನಿಲ್ಲಿಸಿದರು, ನಿಲ್ಲಿಸಿ ಕೆಡವಿದರು. ಮೂವತ್ತು ವರ್ಷದ ಬಳಿಕ, 2020ರಲ್ಲಿ, ಆಟ್‌ವಾಟರ್ ಹಾಲ್ ಆಫ್ ಫೇಮ್ ಸೇರಿದಾಗಲೂ ಜನ ಮೊದಲು ತೆಗೆದು ನೋಡಿದ್ದು ಅದೇ ತುಣುಕು.

ಸ್ಟಿಂಗ್ಲಿ ಬಿದ್ದ ಸಂಜೆ

ಎಪ್ಪತ್ತರ ದಶಕದ ಓಕ್ಲಂಡ್ ರೇಡರ್ಸ್ ತಂಡಕ್ಕೆ ಭಯವೇ ಬಂಡವಾಳ. ಅವರ ಇಬ್ಬರು ಸೇಫ್ಟಿಗಳು ಜ್ಯಾಕ್ ಟೇಟಮ್ ಮತ್ತು ಜಾರ್ಜ್ ಆಟ್ಕಿನ್ಸನ್. 1976ರಲ್ಲಿ ಆಟ್ಕಿನ್ಸನ್, ಚೆಂಡು ಬೇರೆಲ್ಲೋ ಇದ್ದಾಗ ಪಿಟ್ಸ್‌ಬರ್ಗ್‌ನ ಲಿನ್ ಸ್ವಾನ್ ಅವರ ತಲೆಯ ಹಿಂಭಾಗಕ್ಕೆ ಮುಂಗೈಯಿಂದ ಬಾರಿಸಿದರು. ಪಿಟ್ಸ್‌ಬರ್ಗ್‌ನ ಕೋಚ್ ಚಕ್ ನೋಲ್ ಇದು ಕ್ರಿಮಿನಲ್‌ಗಳ ಕೆಲಸ ಎಂಬರ್ಥದ ಮಾತಾಡಿದರು. ಆಟ್ಕಿನ್ಸನ್ 20 ಲಕ್ಷ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿ ಸೋತರು. ಟೇಟಮ್‌ಗೆ ‘ಹಂತಕ’ ಎಂಬ ಅಡ್ಡಹೆಸರೇ ಅಂಟಿಕೊಂಡಿತ್ತು. 1977ರ ಜನವರಿಯ ಸೂಪರ್ ಬೌಲ್‌ನಲ್ಲಿ ಅವರು ಮಿನೆಸೋಟದ ಸ್ಯಾಮಿ ವೈಟ್‌ಗೆ ಕೊಟ್ಟ ಪೆಟ್ಟಿಗೆ ಹೆಲ್ಮೆಟ್ಟೇ ಹಾರಿಹೋಯಿತು. ಅದನ್ನು ವರ್ಷಗಟ್ಟಲೆ ಹಬ್ಬದ ಹಾಗೆ ಟಿವಿಯಲ್ಲಿ ತೋರಿಸಿದರು.

1978ರ ಆಗಸ್ಟ್ 12. ಋತು ಇನ್ನೂ ಶುರುವಾಗಿರಲಿಲ್ಲ. ಓಕ್ಲಂಡ್‌ನಲ್ಲಿ ನಡೆದದ್ದು ಅಭ್ಯಾಸ ಪಂದ್ಯ, ಅಂಕಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ನ್ಯೂ ಇಂಗ್ಲಂಡ್ ಪೇಟ್ರಿಯಟ್ಸ್‌ನ 26 ವರ್ಷದ ರಿಸೀವರ್ ಡ್ಯಾರಿಲ್ ಸ್ಟಿಂಗ್ಲಿ ಒಳಮುಖವಾಗಿ ಓರೆಯಾಗಿ ಓಡಿದರು. ಪಾಸ್ ಎಟುಕದಷ್ಟು ಮೇಲೆ ಹೋಗಿತ್ತು. ಅದನ್ನು ಹಿಡಿಯಲು ಚಾಚಿ ಜಿಗಿದ ಸ್ಟಿಂಗ್ಲಿ ಕೆಳಗಿಳಿಯುತ್ತಾ ತಲೆ ತಗ್ಗಿಸಿದಾಗ ಟೇಟಮ್ ಅಲ್ಲಿ ಎದುರಾದರು. ಕುತ್ತಿಗೆಯ ನಾಲ್ಕನೆಯ ಮತ್ತು ಐದನೆಯ ಕಶೇರುಗಳು ಮುರಿದವು. ಸ್ಟಿಂಗ್ಲಿ ಮತ್ತೆ ನಡೆಯಲಿಲ್ಲ.

ಅಂಪೈರ್‌ಗಳು ದಂಡದ ಬಾವುಟ ಎಸೆಯಲಿಲ್ಲ. ಅಂದಿನ ನಿಯಮ ಪುಸ್ತಕದ ಪ್ರಕಾರ ಟೇಟಮ್ ಯಾವ ತಪ್ಪೂ ಮಾಡಿರಲಿಲ್ಲ. ಇಲ್ಲೇ ಈ ಘಟನೆಯ ಎಲ್ಲ ಭಾರವೂ ಇದೆ. ಕಾನೂನಿಗೆ ಒಳಪಟ್ಟ ಒಂದು ಆಟ ಒಬ್ಬ ಯುವಕನನ್ನು ಜೀವನಪೂರ್ತಿ ಗಾಲಿಕುರ್ಚಿಗೆ ಕಟ್ಟಿಹಾಕಬಹುದಾದರೆ, ಉತ್ತರ ಕೊಡಬೇಕಾದವರು ಆ ಕಾನೂನು ಬರೆದವರು. ಆದರೆ ಉತ್ತರ ಕೇಳಿದ್ದು ಟೇಟಮ್‌ರನ್ನು ಮಾತ್ರ. ಅವರು ಕ್ಷಮೆ ಕೇಳಲಿಲ್ಲ. ಎರಡೇ ವರ್ಷದಲ್ಲಿ ತಮ್ಮ ಅಡ್ಡಹೆಸರನ್ನೇ ಶೀರ್ಷಿಕೆಯಾಗಿಟ್ಟು ಆತ್ಮಕಥೆ ಹೊರತಂದರು. ಆ ಕಠಿಣತೆಯನ್ನು ನಾನು ಸಮರ್ಥಿಸಲಾರೆ. ಆಸ್ಪತ್ರೆಗೆ ಮತ್ತೆ ಮತ್ತೆ ಹೋಗಿ ಸ್ಟಿಂಗ್ಲಿಯ ಪಕ್ಕ ಕೂತವರು ರೇಡರ್ಸ್‌ನ ಕೋಚ್ ಜಾನ್ ಮ್ಯಾಡನ್. ಟೇಟಮ್ ಮತ್ತು ಸ್ಟಿಂಗ್ಲಿಯನ್ನು 1996ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಮುಖಾಮುಖಿ ಕೂರಿಸುವ ಏರ್ಪಾಡಾಗಿತ್ತು. ಟೇಟಮ್‌ರ ಪುಸ್ತಕದ ಪ್ರಚಾರಕ್ಕೆ ಅದು ನೆಪ ಎಂದು ಗೊತ್ತಾದಾಗ ಸ್ಟಿಂಗ್ಲಿ ಹಿಂದೆ ಸರಿದರು. ಇಬ್ಬರೂ ಭೇಟಿಯಾಗಲೇ ಇಲ್ಲ. ಸ್ಟಿಂಗ್ಲಿ 2007ರಲ್ಲಿ, 55ನೇ ವಯಸ್ಸಿನಲ್ಲಿ ತೀರಿಕೊಂಡರು. ಟೇಟಮ್‌ಗೆ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಗಿತ್ತು. 2010ರಲ್ಲಿ, 61ರಲ್ಲಿ ಅವರೂ ಹೋದರು.

ಬೆರಳು

ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ನ ರಾನಿ ಲಾಟ್ ಅವರ ಎಡಗೈ ಕಿರುಬೆರಳಿನ ಕಥೆಯನ್ನು ಅಮೆರಿಕದ ಕ್ರೀಡಾಪ್ರಿಯರು ಇಂದಿಗೂ ಶೌರ್ಯದ ಕಥೆಯಾಗಿ ಹೇಳುತ್ತಾರೆ. 1985ರ ಡಿಸೆಂಬರ್‌ನಲ್ಲಿ ಡಲ್ಲಸ್ ವಿರುದ್ಧ ಟ್ಯಾಕಲ್ ಮಾಡುವಾಗ ಬೆರಳ ತುದಿ ಹೆಲ್ಮೆಟ್ ಮತ್ತು ಮೈಯ ನಡುವೆ ಸಿಕ್ಕಿ ಜಜ್ಜಿಹೋಯಿತು. ಟೇಪ್ ಸುತ್ತಿಕೊಂಡು ಮುಂದಿನ ಪಂದ್ಯವನ್ನೂ ಆಡಿದರು. ಋತು ಮುಗಿದ ಮೇಲೆ ವೈದ್ಯರು ಎರಡು ದಾರಿ ತೋರಿಸಿದರು: ಮೂಳೆ ಕಸಿ ಮಾಡಿ ಬೆರಳು ಉಳಿಸಿಕೊಳ್ಳುವುದು, ಇಲ್ಲವೇ ತುದಿಯನ್ನು ಕತ್ತರಿಸುವುದು. ಮೊದಲನೆಯದಕ್ಕೆ ಹೆಚ್ಚು ಸಮಯ ಬೇಕು, ಮುಂದಿನ ಋತು ತಪ್ಪಬಹುದು. ಲಾಟ್ ಎರಡನೆಯದನ್ನು ಆರಿಸಿದರು. 1986ರಲ್ಲಿ ಅದೇ ಕೈಯಲ್ಲಿ 10 ಇಂಟರ್ಸೆಪ್ಶನ್ ಮಾಡಿ ಲೀಗ್‌ಗೇ ಮೊದಲಿಗರಾದರು.

ಲಾಟ್ ನಾಲ್ಕು ಸೂಪರ್ ಬೌಲ್ ಗೆದ್ದ ಮಹಾನ್ ಆಟಗಾರ. ಅವರ ಟ್ಯಾಕಲ್‌ಗಳ ಸಮಯಪ್ರಜ್ಞೆಗೆ ನಾನು ಇವತ್ತಿಗೂ ಮಾರುಹೋಗಿದ್ದೇನೆ. ಆದರೆ ಆ ಬೆರಳಿನ ಕಥೆ ಹೇಳುವವರು ಅದನ್ನು ನಿಲ್ಲಿಸುವ ಜಾಗ ನನಗೆ ಒಪ್ಪಿಗೆಯಿಲ್ಲ. ಬೆರಳಿಗೆ ಏನಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ, ಅದನ್ನು ಎಕ್ಸ್‌ರೇಯಲ್ಲಿ ನೋಡಬಹುದು, ಮಾತುಕತೆಯಲ್ಲಿ ತೂಗಿ ನೋಡಿ ತೀರ್ಮಾನ ಮಾಡಬಹುದು. ಅದೇ ಡಿಕ್ಕಿಗಳಲ್ಲಿ ತಲೆಬುರುಡೆಯ ಒಳಗೆ ನಡೆದದ್ದಕ್ಕೆ ಎಕ್ಸ್‌ರೇಯೂ ಇರಲಿಲ್ಲ, ಆಯ್ಕೆಯೂ ಇರಲಿಲ್ಲ.

ಹೊಡೆದವನ ಮೆದುಳು

ಗಟ್ಟಿ ಪ್ಲಾಸ್ಟಿಕ್ ಹೆಲ್ಮೆಟ್ ತಲೆಬುರುಡೆ ಒಡೆಯುವುದನ್ನು ತಪ್ಪಿಸುತ್ತದೆ. ಬುರುಡೆಯೊಳಗೆ ಮೆದುಳು ಕುಲುಕಾಡುವುದನ್ನು ತಪ್ಪಿಸಲಾರದು. ಓಡುತ್ತಿದ್ದ ದೇಹ ಥಟ್ಟನೆ ನಿಂತಾಗ ಮೆದುಳು ಇನ್ನೂ ಚಲನೆಯಲ್ಲಿರುತ್ತದೆ; ಒಳಗಿನ ನರತಂತುಗಳು ಜಗ್ಗುತ್ತವೆ, ಹರಿಯುತ್ತವೆ. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಅದೇ ಬಲ, ವಿರುದ್ಧ ದಿಕ್ಕಿನಲ್ಲಿ. ಹೈಸ್ಕೂಲಿನಲ್ಲಿ ಓದಿದ ನ್ಯೂಟನ್‌ನ ಮೂರನೇ ನಿಯಮ ಇಷ್ಟನ್ನು ಹೇಳಿಯೇ ಇತ್ತು. ಇನ್ನೂ ಒಂದು ಮಾತಿದೆ. ಹೊಡೆಸಿಕೊಳ್ಳುವ ರಿಸೀವರ್‌ಗೆ ಅಂಥ ಪೆಟ್ಟು ಆಗೊಮ್ಮೆ ಈಗೊಮ್ಮೆ ಬೀಳುತ್ತದೆ. ಹೊಡೆಯುವುದನ್ನೇ ಉದ್ಯೋಗ ಮಾಡಿಕೊಂಡ ಸೇಫ್ಟಿ ಪ್ರತಿ ಭಾನುವಾರ ಅದನ್ನೇ ಮಾಡುತ್ತಿರುತ್ತಾನೆ.

ಆಂದ್ರೆ ವಾಟರ್ಸ್ ಫಿಲಡೆಲ್ಫಿಯಾ ಈಗಲ್ಸ್‌ನ ಸೇಫ್ಟಿ. ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ, ಚಿಕ್ಕ ಕಾಲೇಜಿನಿಂದ ಬಂದು, ಮೈಯನ್ನೇ ಆಯುಧ ಮಾಡಿಕೊಂಡು ಹನ್ನೆರಡು ಋತು ಆಡಿದವರು. ತಮಗಾದ ಕನ್ಕಷನ್‌ಗಳ, ಅಂದರೆ ಮೆದುಳು ಕುಲುಕಿದ ಪೆಟ್ಟುಗಳ, ಲೆಕ್ಕ ಹದಿನೈದರಾಚೆ ತಪ್ಪಿಹೋಯಿತು ಎಂದು ಪತ್ರಕರ್ತರೊಬ್ಬರ ಬಳಿ ಹೇಳಿದ್ದರು. ತಲೆ ತಿರುಗಿದರೆ ಮೂಗಿಗೆ ಘಾಟು ವಾಸನೆಯ ‘ಸ್ಮೆಲ್ಲಿಂಗ್ ಸಾಲ್ಟ್’ ಹಿಡಿದು ಮತ್ತೆ ಮೈದಾನಕ್ಕಿಳಿಯುವುದು ಆ ಕಾಲದ ರೂಢಿ. 2006ರ ನವೆಂಬರ್‌ನಲ್ಲಿ, 44ನೇ ವಯಸ್ಸಿನಲ್ಲಿ, ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಮೆದುಳನ್ನು ಪರೀಕ್ಷಿಸಿದವರು ಡಾ. ಬೆನೆಟ್ ಒಮಾಲು. ಪಿಟ್ಸ್‌ಬರ್ಗ್‌ನ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮೆದುಳಿನಲ್ಲಿ ಸಿಟಿಇ, ಅಂದರೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿಯನ್ನು ಗುರುತಿಸಿ 2005ರಲ್ಲಿ ಪ್ರಬಂಧ ಪ್ರಕಟಿಸಿದ್ದ ರೋಗಶಾಸ್ತ್ರಜ್ಞ ಅವರು. ವಾಟರ್ಸ್‌ರ ಮೆದುಳಿನ ಅಂಗಾಂಶ, ಅಲ್ಜೈಮರ್ ಶುರುವಾದ 85 ವರ್ಷದ ಮುದುಕರ ಮೆದುಳಿನಂತಿತ್ತು ಎಂದು ಒಮಾಲು ವಿವರಿಸಿದರು. 2007ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿ ಬರೆದಾಗ ಈ ವಿಷಯ ಪ್ರಯೋಗಾಲಯ ದಾಟಿ ಮನೆಮನೆಗೆ ಬಂತು.

ಡೇವ್ ಡ್ಯೂಯರ್ಸನ್ ಕಥೆ ಇನ್ನೂ ಕಲಕುತ್ತದೆ. 1985ರ ಶಿಕಾಗೊ ಬೇರ್ಸ್ ತಂಡದ ರಕ್ಷಣೆ ಈ ಆಟದ ಇತಿಹಾಸದಲ್ಲೇ ಅತ್ಯಂತ ಉಗ್ರವಾದದ್ದು ಎಂದು ಇಂದಿಗೂ ಹಲವರು ವಾದಿಸುತ್ತಾರೆ. ಅದರ ಸೇಫ್ಟಿ ಡ್ಯೂಯರ್ಸನ್. ಎರಡು ಸೂಪರ್ ಬೌಲ್ ಉಂಗುರ, ಸಮಾಜಸೇವೆಗೆ ಲೀಗ್ ಕೊಡುವ ದೊಡ್ಡ ಪ್ರಶಸ್ತಿ, ಆಟ ಬಿಟ್ಟ ಮೇಲೆ ಆಹಾರೋದ್ಯಮ. ಮುಂದೆ ಅವರು ಮಾಜಿ ಆಟಗಾರರ ಅಂಗವೈಕಲ್ಯ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಮಂಡಳಿಯ ಸದಸ್ಯರೂ ಆದರು. ಆಟದ ಪೆಟ್ಟಿಗೂ ಮರೆಗುಳಿತನಕ್ಕೂ ನೇರ ಸಂಬಂಧವಿದೆಯೇ ಎಂದು ಸಾರ್ವಜನಿಕವಾಗಿ ಶಂಕಿಸಿದ್ದವರಲ್ಲಿ ಅವರೂ ಒಬ್ಬರು. ಆಮೇಲೆ ಅವರದೇ ನೆನಪು ಜಾರತೊಡಗಿತು, ತಲೆನೋವು ಶುರುವಾಯಿತು, ವ್ಯಾಪಾರ ನೆಲಕಚ್ಚಿತು, ಸಂಸಾರ ಮುರಿಯಿತು. 2011ರ ಫೆಬ್ರವರಿಯಲ್ಲಿ, ಐವತ್ತರ ವಯಸ್ಸಿನಲ್ಲಿ, ಪ್ರಾಣ ಬಿಡುವ ಮುನ್ನ ತಮ್ಮ ಮೆದುಳನ್ನು ಸಂಶೋಧನೆಗೆ ಕೊಡಬೇಕೆಂದು ಬರೆದಿಟ್ಟಿದ್ದರು. ಬೋಸ್ಟನ್ ವಿಶ್ವವಿದ್ಯಾಲಯದ ಡಾ. ಆನ್ ಮೆಕ್ಕೀ ಅದನ್ನು ಪರೀಕ್ಷಿಸಿ ಸಿಟಿಇ ಇತ್ತೆಂದು ಖಚಿತಪಡಿಸಿದರು. ಬೇರೆಯವರ ಅರ್ಜಿಗಳ ಮೇಲೆ ಷರಾ ಬರೆಯುತ್ತಿದ್ದ ಮನುಷ್ಯ ಕೊನೆಗೆ ತನ್ನ ಮೆದುಳನ್ನೇ ಸಾಕ್ಷ್ಯವಾಗಿ ಬಿಟ್ಟುಹೋದರು.

ಸಿಟಿಇಯನ್ನು ಬದುಕಿರುವವರಲ್ಲಿ ಖಚಿತವಾಗಿ ಪತ್ತೆಹಚ್ಚಲು ಇನ್ನೂ ಆಗುವುದಿಲ್ಲ. ಟೌ ಎಂಬ ಪ್ರೋಟೀನು ಮೆದುಳಿನ ಮಡಿಕೆಗಳ ಆಳದಲ್ಲಿ ಗಂಟುಗಟ್ಟಿರುವುದನ್ನು ಸತ್ತ ಮೇಲೆ, ತೆಳುವಾದ ಸೀಳುಗಳನ್ನು ಬಣ್ಣ ಹಾಕಿ ನೋಡಿದಾಗಲೇ ತಿಳಿಯುವುದು. 2017ರಲ್ಲಿ ಬೋಸ್ಟನ್ ತಂಡ ಪರೀಕ್ಷಿಸಿದ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳುಗಳಲ್ಲಿ 110ರಲ್ಲಿ ಅದು ಕಂಡಿತು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು: ಮೆದುಳು ದಾನ ಮಾಡಿದ ಕುಟುಂಬಗಳಲ್ಲಿ ಹೆಚ್ಚಿನವರು ಆಗಲೇ ತೊಂದರೆ ಕಂಡವರು, ಹಾಗಾಗಿ ಆಡಿದವರೆಲ್ಲರಿಗೂ ಇದೇ ಪ್ರಮಾಣ ಎನ್ನುವಂತಿಲ್ಲ. 2021ರಲ್ಲಿ 33ನೇ ವಯಸ್ಸಿಗೇ ತೀರಿಕೊಂಡ ಡೆಮೇರಿಯಸ್ ಥಾಮಸ್ ಅವರ ಮೆದುಳಿನಲ್ಲೂ ಎರಡನೇ ಹಂತದ ಸಿಟಿಇ ಇತ್ತೆಂದು ಮರುವರ್ಷ ಗೊತ್ತಾಯಿತು. ಅದನ್ನು ಯಾವುದೋ ಒಂದು ಡಿಕ್ಕಿಯ ತಲೆಗೆ ಕಟ್ಟಲಾಗದು. ಕನ್ಕಷನ್ ಆಗದಷ್ಟು ಚಿಕ್ಕ ಪೆಟ್ಟುಗಳೇ ಸಾವಿರಗಟ್ಟಲೆ ಸೇರಿ ಈ ರೋಗ ತರುತ್ತವೆ ಎಂದು ಸಂಶೋಧಕರು ಹೇಳುತ್ತಾರೆ.

ನಿಯಮ ಪುಸ್ತಕ ದಪ್ಪವಾಯಿತು

2010ರ ಅಕ್ಟೋಬರ್‌ನ ಒಂದೇ ಭಾನುವಾರ ಎಷ್ಟೊಂದು ತಲೆಗಳು ತಲೆಗಳಿಗೆ ತಾಗಿದವೆಂದರೆ, ಲೀಗ್ ಆ ವಾರವೇ ಮೂವರಿಗೆ ಒಟ್ಟು 1,75,000 ಡಾಲರ್ ದಂಡ ಹಾಕಿತು. ಅವರಲ್ಲೊಬ್ಬರು ನ್ಯೂ ಇಂಗ್ಲಂಡ್‌ನ ಸೇಫ್ಟಿ ಬ್ರ್ಯಾಂಡನ್ ಮೆರಿವೆದರ್. ಚೆಂಡು ಹಿಡಿಯುವ ಭಂಗಿಯಲ್ಲಿದ್ದು ತನ್ನನ್ನು ಕಾಪಾಡಿಕೊಳ್ಳಲಾಗದ ರಿಸೀವರ್‌ನ ತಲೆಗೆ, ಕುತ್ತಿಗೆಗೆ ಹೊಡೆಯುವುದನ್ನು ಅಷ್ಟರಲ್ಲಾಗಲೇ ನಿಷೇಧಿಸಲಾಗಿತ್ತು. 2018ರಲ್ಲಿ, ಎಲ್ಲಿಗೇ ತಾಗಲಿ, ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಡಿಕ್ಕಿ ಕೊಡುವುದೇ ತಪ್ಪಾಯಿತು. 2024ರಲ್ಲಿ ಹಿಂದಿನಿಂದ ತಬ್ಬಿ, ಮೈಭಾರವನ್ನೆಲ್ಲ ಓಟಗಾರನ ಕಾಲ ಮೇಲೆ ಹಾಕುವ ಹಿಪ್-ಡ್ರಾಪ್ ಟ್ಯಾಕಲ್ ಹೋಯಿತು. ಅದೇ ವರ್ಷ ಲಾಸ್ ಏಂಜಲಿಸ್ ಚಾರ್ಜರ್ಸ್‌ನ ಡರ್ವಿನ್ ಜೇಮ್ಸ್, ಇಂಥ ತಪ್ಪುಗಳು ಮತ್ತೆ ಮತ್ತೆ ಆದವೆಂದು ಒಂದು ಪಂದ್ಯ ಸಂಬಳವಿಲ್ಲದೆ ಹೊರಗೆ ಕೂತರು.

ಇದರ ಬಗ್ಗೆ ಸೇಫ್ಟಿಗಳ ಅಳಲು ಬಹಳ ಇದೆ, ಅದರಲ್ಲಿ ಹುರುಳೂ ಇದೆ. ಎದೆಗೆ ಗುರಿಯಿಟ್ಟು ಹೊರಟಾಗ ಎದುರಿನವನು ಕೊನೆಯ ಗಳಿಗೆಯಲ್ಲಿ ಬಾಗಿದರೆ ಅದೇ ಜಾಗಕ್ಕೆ ತಲೆ ಬಂದಿರುತ್ತದೆ. ಆ ಕ್ಷಣದಲ್ಲಿ ಗುರಿ ಬದಲಿಸಲು ಯಾವ ಮನುಷ್ಯನಿಂದಲೂ ಆಗದು. ಆದರೂ ಬಾವುಟ ಬೀಳುತ್ತದೆ, ಹದಿನೈದು ಯಾರ್ಡ್ ಹೋಗುತ್ತದೆ, ಬುಧವಾರ ದಂಡದ ಪತ್ರ ಬರುತ್ತದೆ. ಇಷ್ಟೆಲ್ಲ ಆದ ಮೇಲೂ ನಾನು ನಿಯಮದ ಪರವೇ. ಅನುಮಾನದ ಲಾಭ ತಲೆಗೆ ಸಿಗಬೇಕು. ಅದನ್ನು ಇಷ್ಟು ಕಾಲ ಡಿಕ್ಕಿಗೆ ಕೊಟ್ಟು ನೋಡಿಯಾಯಿತು.

ನನಗೆ ಇದಕ್ಕಿಂತ ಕುತೂಹಲಕಾರಿ ಎನಿಸುವುದು ದಂಡದಿಂದ ಬಾರದ ಬದಲಾವಣೆ. ಹಳೆಯ ಕೋಚ್‌ಗಳು ಟ್ಯಾಕಲ್ ಕಲಿಸುವಾಗ ನಿನ್ನ ತಲೆಯನ್ನು ಓಟಗಾರನ ಮುಂದೆ ಅಡ್ಡ ಹಾಕು ಎನ್ನುತ್ತಿದ್ದರು. ಅವನ ದಾರಿಗೆ ತಲೆಯೇ ಅಗುಳಿ. 2014ರಲ್ಲಿ, ಚಾನ್ಸಲರ್‌ರಂಥ ಹೊಡೆತಗಾರರಿದ್ದ ಅದೇ ಸಿಯಾಟಲ್ ತಂಡದ ಕೋಚ್ ಪೀಟ್ ಕ್ಯಾರಲ್, ಶಾಲಾ ಕಾಲೇಜು ಕೋಚ್‌ಗಳಿಗೆಂದೇ ವಿಡಿಯೊವೊಂದನ್ನು ಹೊರತಂದರು. ಹೆಲ್ಮೆಟ್ ಇಲ್ಲದೆ ಆಡುವ ರಗ್ಬಿಯವರು ತಲೆ ಉಳಿಸಿಕೊಂಡೇ ಹೇಗೆ ಕೆಡವುತ್ತಾರೆ ಎಂಬುದನ್ನು ಕಲಿತು ಮಾಡಿದ ಪಾಠ ಅದು. ಕಣ್ಣು ಓಟಗಾರನ ತೊಡೆಯ ಮೇಲೆ, ಭುಜ ಅಲ್ಲಿಗೆ, ತಲೆ ಪಕ್ಕಕ್ಕೆ. ಎರಡೂ ತೋಳಿಂದ ಬಿಗಿಯಾಗಿ ಸುತ್ತಿ, ಕಾಲು ನಿಲ್ಲಿಸದೆ ದೂಡು. ಲೀಗ್‌ನ ಅತ್ಯಂತ ಭಯಾನಕ ರಕ್ಷಣೆಯೇ ಇದನ್ನು ಕಲಿಸಿತು ಎಂಬುದರಿಂದ ಅದಕ್ಕೆ ಬಂದ ಮಾನ್ಯತೆ, ಯಾವ ಸುತ್ತೋಲೆಗೂ ಬರುತ್ತಿರಲಿಲ್ಲ.

ಆ ಪಾಠವೂ ಚಾನ್ಸಲರ್‌ರನ್ನು ಪೂರ್ತಿ ಕಾಯಲಿಲ್ಲ. 2015ರ ಸೂಪರ್ ಬೌಲ್‌ಗೆ ಎರಡು ದಿನ ಮುಂಚೆ ಮಂಡಿಯ ಅಸ್ಥಿರಜ್ಜು ಹರಿದುಕೊಂಡು, ಅದಕ್ಕೆ ಪಟ್ಟಿ ಬಿಗಿದು ಪಂದ್ಯ ಆಡಿದರು. 2017ರ ನವೆಂಬರ್‌ನಲ್ಲಿ ಅರಿಜೋನಾ ವಿರುದ್ಧದ ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟಾಯಿತು. ಮತ್ತೆ ಆಡುವುದು ಸುರಕ್ಷಿತವಲ್ಲ ಎಂದು ತಪಾಸಣೆ ಹೇಳಿತು. ಪೆಟ್ಟು ಬಿದ್ದಾಗ ಅವರಿಗೆ ಇಪ್ಪತ್ತೊಂಬತ್ತು.

ಸಿನ್ಸಿನಾಟಿ

2023ರ ಜನವರಿ 2ರ ಸೋಮವಾರ ರಾತ್ರಿ ಬಫಲೋ ಬಿಲ್ಸ್‌ನ 24 ವರ್ಷದ ಸೇಫ್ಟಿ ಡಮಾರ್ ಹ್ಯಾಮ್ಲಿನ್, ಸಿನ್ಸಿನಾಟಿಯ ಟೀ ಹಿಗಿನ್ಸ್‌ರನ್ನು ಕೆಡವಿದರು. ನಿಯಮಬದ್ಧವಾದ, ಯಾರೂ ಎರಡನೇ ಸಲ ನೋಡದಂಥ ಟ್ಯಾಕಲ್. ಎದ್ದು ನಿಂತರು, ಒಂದೆರಡು ಹೆಜ್ಜೆ ಇಟ್ಟರು, ಹಿಂದಕ್ಕೆ ಕುಸಿದರು. ಹೃದಯ ನಿಂತಿತ್ತು.

ಎದೆಗೆ ಬಿದ್ದ ಪೆಟ್ಟು ಹೃದಯದ ವಿದ್ಯುತ್ ಚಕ್ರದ ಸೆಕೆಂಡಿನ ಒಂದು ಚೂರು ಭಾಗದಲ್ಲಿ ತಾಗಿದರೆ ಲಯ ತಪ್ಪುತ್ತದೆ. ಕಮೋಶಿಯೊ ಕಾರ್ಡಿಸ್ ಎನ್ನುತ್ತಾರೆ, ತೀರಾ ಅಪರೂಪ. ಕೆಲವೇ ಕ್ಷಣಗಳಲ್ಲಿ ತಂಡದ ಸಹಾಯಕ ಟ್ರೈನರ್ ಡೆನಿ ಕೆಲಿಂಗ್ಟನ್ ಮೈದಾನದಲ್ಲೇ ಎದೆಯೊತ್ತಲು ಶುರುಮಾಡಿದರು, ಡಿಫಿಬ್ರಿಲೇಟರ್ ಬಂತು. ಎರಡೂ ತಂಡದ ಆಟಗಾರರು ಸುತ್ತ ಗೋಡೆಯಂತೆ ನಿಂತು ಅಳುತ್ತಿದ್ದರು. ಪಂದ್ಯವನ್ನು ನಿಲ್ಲಿಸಿದರು, ಮತ್ತೆ ಆಡಿಸಲಿಲ್ಲ. ಹ್ಯಾಮ್ಲಿನ್‌ಗೆ ಎಚ್ಚರವಾದಾಗ ಬರೆದು ಕೇಳಿದ ಮೊದಲ ಪ್ರಶ್ನೆ: ನಾವು ಗೆದ್ದೆವಾ? ಅದೇ ವರ್ಷ ಅವರು ಮತ್ತೆ ಮೈದಾನಕ್ಕಿಳಿದರು. ಎದೆಯೊತ್ತಿ ಜೀವ ಉಳಿಸುವ ಸಿಪಿಆರ್ ಕಲಿಯಿರಿ ಎಂದು ಊರೂರು ಸುತ್ತಿದರು. ಒಬ್ಬ ಸೇಫ್ಟಿಯ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಏನಿದ್ದೀತು ಎಂದು ನನಗನಿಸುತ್ತದೆ.

ಅಮೆರಿಕದ ಕನ್ನಡ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. 49ಅರ್ಸ್ ತಂಡ 2014ರಿಂದ ಆಡುತ್ತಿರುವುದು ಸಾಂಟಾ ಕ್ಲಾರಾದಲ್ಲಿ, ಸಾಫ್ಟ್‌ವೇರ್ ಕೆಲಸಕ್ಕೆ ಹೋದ ನಮ್ಮವರು ದಟ್ಟವಾಗಿರುವ ಊರುಗಳ ನಡುವೆ. ಹೈಸ್ಕೂಲು ಸೇರಿದ ಮಗ ಫುಟ್‌ಬಾಲ್ ಆಡುತ್ತೇನೆ ಎಂದರೆ ಹ್ಞೂಂ ಅನ್ನಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿನ ಅಪ್ಪ ಅಮ್ಮಂದಿರಿಗೆ ನಿಜವಾಗಿಯೂ ಎದುರಾಗುತ್ತದೆ. ಅವರಿಗೆ ಉಪಯೋಗಕ್ಕೆ ಬರುವ ಒಂದೆರಡು ಸಂಗತಿಗಳಿವೆ. ಟ್ಯಾಕಲ್ ಫುಟ್‌ಬಾಲ್ ಆಡಿದ ಪ್ರತಿ ವರ್ಷಕ್ಕೂ ಸಿಟಿಇ ಸಾಧ್ಯತೆ ಸುಮಾರು ಶೇಕಡಾ 30ರಷ್ಟು ಏರುತ್ತದೆ ಎಂದು ಬೋಸ್ಟನ್ ಸಂಶೋಧಕರು 2019ರಲ್ಲಿ ಕಂಡುಕೊಂಡರು. ಎಷ್ಟು ತಡವಾಗಿ ಶುರುಮಾಡಿದರೆ ಅಷ್ಟು ಒಳ್ಳೆಯದು ಎಂದೇ ಇದರ ಅರ್ಥ. ಕ್ಯಾಲಿಫೋರ್ನಿಯಾದ ಕಾನೂನು ಶಾಲಾ ತಂಡಗಳಿಗೆ ಋತುವಿನಲ್ಲಿ ವಾರಕ್ಕೆ ಎರಡೇ ಪೂರ್ಣ ಡಿಕ್ಕಿಯ ಅಭ್ಯಾಸ, ಒಂದೊಂದೂ ತೊಂಬತ್ತು ನಿಮಿಷ ಮೀರದಂತೆ ಎಂದು ಮಿತಿ ಹಾಕಿದೆ. ಶಾಲೆ ಅದನ್ನು ಪಾಲಿಸುತ್ತಿದೆಯೇ, ಕೋಚ್ ಮಕ್ಕಳಿಗೆ ಭುಜದ ಟ್ಯಾಕಲ್ ಕಲಿಸುತ್ತಾರೆಯೇ, ಮೈದಾನದ ಪಕ್ಕ ಡಿಫಿಬ್ರಿಲೇಟರ್ ಇದೆಯೇ ಎಂದು ನೇರವಾಗಿ ಕೇಳುವುದು ತಂದೆತಾಯಿಯ ಹಕ್ಕು.

ಡಿಕ್ಕಿ ಕಡಿಮೆಯಾದರೆ ಸೇಫ್ಟಿಯ ಸ್ಥಾನ ಸಪ್ಪೆಯಾಗುತ್ತದೆ ಎಂದು ಕೊರಗುವವರಿದ್ದಾರೆ. ಮಾರುಕಟ್ಟೆ ಹಾಗೆನ್ನುತ್ತಿಲ್ಲ. 2025ರಲ್ಲಿ ಬಾಲ್ಟಿಮೋರ್ ರೇವನ್ಸ್, ಕೈಲ್ ಹ್ಯಾಮಿಲ್ಟನ್ ಅವರ ಜೊತೆ ನಾಲ್ಕು ವರ್ಷಕ್ಕೆ ಹತ್ತು ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಅಲ್ಲಿಯವರೆಗೆ ಯಾವ ಸೇಫ್ಟಿಗೂ ಅಷ್ಟು ಸಿಕ್ಕಿರಲಿಲ್ಲ. ಆರಡಿ ನಾಲ್ಕಂಗುಲದ ಹ್ಯಾಮಿಲ್ಟನ್ ಆಳದಲ್ಲೂ ನಿಲ್ಲುತ್ತಾರೆ, ಗೆರೆಯ ಹತ್ತಿರವೂ ಬರುತ್ತಾರೆ, ರಿಸೀವರ್‌ನ ಎದುರಿಗೂ ನಿಲ್ಲುತ್ತಾರೆ. ಯಾರು ಎಲ್ಲಿಂದ ಬರುತ್ತಾರೆ ಎಂದು ಕ್ವಾರ್ಟರ್‌ಬ್ಯಾಕ್‌ಗೆ ತಿಳಿಯದಂತೆ ಮಾಡುವುದೇ ಅವರ ಹೊಡೆತ.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಫ್ಲ್ಯಾಗ್ ಫುಟ್‌ಬಾಲ್ ಬರುತ್ತಿದೆ. ಐದೈದು ಜನರ ತಂಡ, ಹೆಲ್ಮೆಟ್ ಇಲ್ಲ, ಟ್ಯಾಕಲ್ ಇಲ್ಲ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಓಟ ಮುಗಿಯಿತು. ಪ್ರತಿ ಎನ್‌ಎಫ್‌ಎಲ್ ತಂಡದಿಂದ ಒಂದು ದೇಶಕ್ಕೆ ಒಬ್ಬರಂತೆ ಆಡಲು ಲೀಗ್ ಒಪ್ಪಿದೆ. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ 2023ರಿಂದ ಹುಡುಗಿಯರಿಗೆ ಅದು ಅಧಿಕೃತ ಕ್ರೀಡೆ. ಅಲ್ಲಿಯೂ ಎಲ್ಲರ ಹಿಂದೆ ಒಬ್ಬಳು ನಿಲ್ಲುತ್ತಾಳೆ, ಕ್ವಾರ್ಟರ್‌ಬ್ಯಾಕ್‌ನ ಕಣ್ಣನ್ನೂ ಓಡುವವಳ ಸೊಂಟವನ್ನೂ ಓದುತ್ತಾಳೆ, ಒಂದು ಹೆಜ್ಜೆ ಮುಂಚೆ ಹೊರಟರೆ ಮೋಸ ಹೋಗುತ್ತಾಳೆ.